ಅಂಗಡಿ ಕಾಣದ ಬಗರಿ

ನಾನು ಒಂದು ಆಟದ ಪೆಟ್ಟಿಗೆ. ಟಿವಿಗೆ ತಂತಿ ಜೋಡಿಸಿ, ಗುಂಡಿಗಳ ಹಿಡಿಕೆ ಕೈಯಲ್ಲಿ ಹಿಡಿದು ಆಡುತ್ತಾರಲ್ಲ, ಅಂಥದ್ದು. ನನ್ನ ಹೆಸರು ಬಗರಿ. ಹುಡುಗರು ಹುರಿ ಸುತ್ತಿ ನೆಲಕ್ಕೆ ಬಿಟ್ಟು ತಿರುಗಿಸುವ ಬುಗುರಿಗೆ ಹುಬ್ಬಳ್ಳಿ ಕಡೆ ಬಗರಿ ಅನ್ನುತ್ತಾರೆ. ಹೆಸರು ತಿರುಗುವುದರದ್ದಾದರೂ ನಾನು ಒಂದು ದಿನವೂ ಅಂಗಡಿಯ ಮುಖ ಕಾಣಲಿಲ್ಲ, ಒಂದು ಮಗುವಿನ ಕೈಗೂ ಹೋಗಲಿಲ್ಲ. ತೊಟ್ಟಿಲು ಮಾರಿದ ಮೇಲೆ ಹುಟ್ಟಿದ ಕೂಸಿನ ಬಾಳು ನನ್ನದು.

ನನ್ನೊಳಗೆ ಒಂದು ಆಟವಿತ್ತು. ಅದು ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂದು ನನ್ನನ್ನು ಕೇಳಬೇಡಿ. ಅದರ ಬಗ್ಗೆ ಜನ ಆಡಿದ ಮಾತು ನೆನಪಿದೆ. ಅದನ್ನು ಮಾಡಿದವನ ಮುಖ ನೆನಪಿದೆ. ಆಟ ಮಾತ್ರ ಈಗ ನನ್ನಲ್ಲಿಲ್ಲ. ಅದು ಹೇಗೆ ಹೋಯಿತು ಎಂಬುದನ್ನೇ ಹೇಳಲು ಹೊರಟಿದ್ದೇನೆ.

ನಾನು ಹುಟ್ಟಿದ್ದು ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ರಾಯಾಪುರದ ಹತ್ತಿರದ ಒಂದು ತಗಡಿನ ಶೆಡ್ಡಿನಲ್ಲಿ. ಮನೆಮನೆಗೆ ಬಣ್ಣದ ಟಿವಿ ಬರತೊಡಗಿದ್ದ ಕಾಲ ಅದು. ಶೆಡ್ಡಿನ ಮೇಲೆ ನವರಂಗ ಎಲೆಕ್ಟ್ರಾನಿಕ್ಸ್ ಎಂದು ಬೋರ್ಡು. ಟಿವಿ ಸುಡದಂತೆ ಕಾಯುವ ಸ್ಟೆಬಿಲೈಸರು ಮಾಡುವುದು ಅಲ್ಲಿಯ ಕಸುಬು. ಮಾಲೀಕರು ಹಲಗೇರಿ ಸಾಹೇಬರು. ಅವರು ಮುಂಬಯಿಗೆ ಹೋದಾಗ ಬೀಗರ ಮನೆಯಲ್ಲಿ ಮಕ್ಕಳು ಊಟ ಬಿಟ್ಟು ಟಿವಿಯಲ್ಲಿ ಆಟ ಆಡುವುದನ್ನು ನೋಡಿದರಂತೆ. ಬಂದವರೇ, "ಪರದೇಶದ್ದು ಯಾಕ ಬೇಕು? ಕನ್ನಡ ಅಕ್ಷರ ಇರೋ ಪೆಟ್ಟಿಗಿ ನಾವ ಮಾಡೋಣು" ಎಂದರು. ಅಷ್ಟೇ ನನ್ನ ಜಾತಕ.

ನನ್ನ ಹಸಿರು ಹಲಗೆಗೆ ಬಿಡಿಭಾಗಗಳನ್ನು ಒಂದೊಂದಾಗಿ ಬೆಸೆದವಳು ಖಾಜಾಬಿ. ಶೆಡ್ಡಿನಲ್ಲಿ ಬೆಸುಗೆ ಕೆಲಸವೆಲ್ಲ ಹೆಣ್ಣುಮಕ್ಕಳದೇ. ಅವರಲ್ಲಿ ಬಾಯಿ ಜೋರು ಇದ್ದವಳು, ಕೈ ಹಗುರ ಇದ್ದವಳು ಇವಳು. ಬಿಸಿ ಕಡ್ಡಿ ತಾಗಿಸುವ ಮುನ್ನ ಸಣ್ಣ ಕೂಸಿಗೆ ಸೂಜಿ ಚುಚ್ಚಿಸುವ ತಾಯಿಯ ಹಾಗೆ, "ಹೆದರಬ್ಯಾಡಪಾ, ಸುಡೂದು ಒಂದ ಚಣ" ಅನ್ನುತ್ತಿದ್ದಳು. ನಾನು ಕೇಳಿದ ಮೊದಲ ಮಾತು ಅದು.

ನನ್ನೊಳಗಿನ ಆಟ ಮಾಡಿದವನು ಮುರಿಗೆಪ್ಪ. ಗದಗಿನಲ್ಲಿ ಡಿಪ್ಲೊಮಾ ಓದಿ ಬಂದವನು, ಮಾತು ಕಡಿಮೆ. ಮೇಜಿನ ಮೇಲೆ ಕೂತ ನನಗೆ ಅವನು ಕಾಣುತ್ತಿದ್ದುದು ಕೆಳಗಿನಿಂದ. ಮೊದಲು ಗದ್ದ, ಆಮೇಲೆ ಮೂಗಿನ ಹೊಳ್ಳೆ, ಅದರಾಚೆ ಪರದೆಯ ಬೆಳಕು ಬಿದ್ದ ಕನ್ನಡಕ. ಹೊಸದಾಗಿ ಮದುವೆಯಾಗಿತ್ತು. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟು ಓಣಿಯಲ್ಲಿ ಬಾಡಿಗೆ ಮನೆ. ಹೆಂಡತಿ ಕಸ್ತೂರೆವ್ವ.

ಹುಬ್ಬಳ್ಳಿಯ ನೀರಿನ ಸಂಗತಿ ನಿಮಗೆ ಗೊತ್ತಿರಬಹುದು. ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಬರುವ ಹೊತ್ತು ಗೊತ್ತು ಗುರಿ ಇಲ್ಲದ್ದು. ಓಣಿಯ ಬಾಯಿಯಲ್ಲಿ ಒಂದು ನಳ. ಬಂತು ಎಂದು ಯಾರಾದರೂ ಕೂಗಿದರೆ ಹೆಣ್ಣುಮಕ್ಕಳು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಬೇಕು. ಗಂಡಸರು ಕೊಡ ಹಿಡಿದು ಪಾಳಿಗೆ ನಿಲ್ಲುವುದು ಆ ಓಣಿಯಲ್ಲಿ ಇರಲಿಲ್ಲ. ಮುರಿಗೆಪ್ಪನೂ ನಿಲ್ಲಲಿಲ್ಲ. ಅವನು ಕಿಟಕಿಯಲ್ಲಿ ನಿಂತು ನೋಡಿದ. ತುಂಬಿದ ಕೊಡ ಸೊಂಟಕ್ಕಿಟ್ಟು, ಇನ್ನೊಂದು ಕೈ ಚಾಚಿ ಕಸ್ತೂರೆವ್ವ ಬರುವ ರೀತಿ, ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತು ಭಾರ ಹೊಂದಿಸಿಕೊಂಡು ಮೇಲೆ ಹತ್ತುವ ರೀತಿ. ಅದನ್ನೇ ತಂದು ನನ್ನೊಳಗೆ ಬರೆದ.

ಆಟ ಇಷ್ಟು. ಹುಡುಗಿಯೊಬ್ಬಳು ಕೊಡ ತುಂಬಿಕೊಂಡು ನಳದಿಂದ ಮನೆಗೆ ಹೋಗಬೇಕು. ದಾರಿಯಲ್ಲಿ ಸೈಕಲ್ಲು, ನಾಯಿ, ಜಗಳಗಂಟಿ ಮುದುಕಿ, ಅಡ್ಡ ನಿಂತ ಎಮ್ಮೆ. ತಾಗಿದರೆ ನೀರು ಚೆಲ್ಲುತ್ತದೆ. ಚೆಲ್ಲಿದಷ್ಟು ಮನೆಯ ಹಂಡೆಯಲ್ಲಿ ಕಡಿಮೆ. ಹಂಡೆ ತುಂಬಿದರೆ ಆಟ ಮುಗಿಯಿತು.

ಊಟದ ಬಿಡುವಿನಲ್ಲಿ ಬೆಸುಗೆಯ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಟ್ಟು ಆಡಲು ಮುಗಿಬೀಳುತ್ತಿದ್ದರು. ಹಿಡಿಕೆಗೆ ಚಟ್ನಿಪುಡಿ ಮೆತ್ತುತ್ತಿತ್ತು. ಯಾರೂ ಎಮ್ಮೆ ದಾಟಲಿಲ್ಲ.

"ಸರ, ಆ ಎಮ್ಮಿ ಸರಿಸ್ರೆಲಾ" ಎಂದಳು ಖಾಜಾಬಿ ಒಂದು ದಿನ.

"ನಿಮ್ಮ ಓಣ್ಯಾಗ ಎಮ್ಮಿ ಸರಿ ಅಂದ್ರ ಸರೀತಾವೇನು?"

"ನಮ್ಮ ಎಮ್ಮಿಗಿ ಬೈದ್ರ ಸರೀತಾವ. ನಿಮ್ಮ ಎಮ್ಮಿಗಿ ಬೈಯೂ ಗುಂಡಿ ಯಾವುದು ಹೇಳ್ರಿ!"

ಎಲ್ಲರೂ ನಕ್ಕರು. ಮುರಿಗೆಪ್ಪನೂ ನಕ್ಕ. ಖಾಜಾಬಿ ಬಿಡಲಿಲ್ಲ. ಎಮ್ಮೆ ದಾಟಿದರೆ ಏನು ಸಿಗುತ್ತದೆ ಎಂದು ಕೇಳಿದಳು. ಅವನು ಹಿಡಿಕೆ ಒರೆಸುತ್ತ, "ಹಂಡೆ ತುಂಬಿದ ಮ್ಯಾಲ ಮನಿ ಬಾಗ್ಲಾ ತೆರೀತೈತಿ" ಎಂದ.

"ಒಳಗ ಏನೈತಿ?"

"ಅದು ನಮ್ಮ ಮನ್ಯಾಕಿ ನೋಡಬೇಕಾದ್ದು. ಬ್ಯಾರೆದವರಿಗೆ ಹೇಳೂದಿಲ್ಲ."

ಹೆಣ್ಣುಮಕ್ಕಳು ಓಹೋ ಎಂದು ಕೂಗಿದರು. ಅವನ ಕಿವಿ ಕೆಂಪಾದವು. ಆ ಬಾಗಿಲ ಒಳಗಿನದನ್ನು ಅವನು ಬರೆದದ್ದು ಒಂದು ಮಳೆಯ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ. ಬರೆದು, ಪರದೆಯ ಮೇಲೆ ತಂದು ನೋಡಿದ. ಕನ್ನಡಕ ತೆಗೆದ. ತುಟಿ ಬಿಗಿಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಯಾರೋ ತನ್ನ ಹೆಸರು ಹಿಡಿದು ಕರೆದರೆಂಬ ಹಾಗೆ ಸಣ್ಣಗೆ ನಕ್ಕ. ಅದನ್ನು ಕಂಡವರು ನಾವಿಬ್ಬರೇ.

ಕಸ್ತೂರೆವ್ವನನ್ನು ನಾನು ಮೊದಲು ನೋಡಿದ್ದು ಗಂಡ ಮರೆತುಹೋದ ಬುತ್ತಿ ತಂದುಕೊಡಲು ಅವಳು ಶೆಡ್ಡಿಗೆ ಬಂದಾಗ. ಬಿಸಿಲಿಗೆ ಮುಖ ಕೆಂಪಾಗಿತ್ತು. ಹೆಣ್ಣುಮಕ್ಕಳು ಅವಳ ಕೈ ಹಿಡಿದು ಎಳೆತಂದು ನನ್ನ ಮುಂದೆ ನಿಲ್ಲಿಸಿದರು.

"ನೋಡ್ರಿ ಅಕ್ಕಾ, ನಿಮ್ಮ ಯಜಮಾನ್ರು ಎಂಥಾ ಆಟಾ ಮಾಡ್ಯಾರ!"

"ಏನ ಆಟಾ?"

"ನಳದಿಂದ ನೀರ ತರೂ ಆಟಾ!"

ಅವಳು ಗಂಡನನ್ನು ನೋಡಿದಳು. ಅವಳ ಅಂಗೈಯಲ್ಲಿ ಕೊಡದ ಕಂಠ ಕೊರೆದ ಗೆರೆ ನನಗೆ ಕೆಳಗಿನಿಂದ ಚೆನ್ನಾಗಿ ಕಾಣುತ್ತಿತ್ತು. "ಒಂದ ಕೊಡ ನೀರ ತಂದು ಹಾಕಿದ ಮನಶ್ಯಾ ಅಲ್ಲ. ಕುರ್ಚಿ ಮ್ಯಾಲ ಕುಂತು ನೀರ ತರೂ ಆಟಾ ಮಾಡ್ಯಾನಂತ!" ಎಂದಳು. ಬುತ್ತಿ ಮೇಜಿನ ಮೇಲೆ ಕುಕ್ಕಿ ಹೋದಳು. ಹೆಣ್ಣುಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುರಿಗೆಪ್ಪ ನನ್ನ ಕಡೆ ಬಾಗಿ ಇಲ್ಲದ ಧೂಳು ಒರೆಸಿದ. ಒಂದು ಸಲ ಅವಳು ಆಡಿ ಆ ಬಾಗಿಲವರೆಗೆ ಹೋದರೆ ಸಾಕು ಎಂಬುದೊಂದೇ ಅಂದಿನಿಂದ ಅವನ ಆಸೆ. ಅದೇ ನನ್ನ ಆಸೆಯೂ ಆಯಿತು.

ದೀಪಾವಳಿಗೆ ನನ್ನಂಥ ಪೆಟ್ಟಿಗೆಗಳು ಅಂಗಡಿಗೆ ಹೋಗಬೇಕು ಎಂದು ನಿಶ್ಚಯವಾಗಿತ್ತು. ಬಗರಿ ಎಂದು ದೊಡ್ಡಕ್ಷರದಲ್ಲಿ ಬಟ್ಟೆಯ ಬ್ಯಾನರು ಬರೆಸಿದ್ದರು. ಅದಕ್ಕೂ ಮೊದಲು ಹಲಗೇರಿ ಸಾಹೇಬರು ಅಂಗಡಿಕಾರರನ್ನು ಕರೆದು, ಮಿರ್ಚಿ ಭಜಿ ಚಹಾ ಕೊಟ್ಟು, ನನ್ನನ್ನು ಟಿವಿಗೆ ಜೋಡಿಸಿ ತೋರಿಸಿದರು. ಬಿಜಾಪುರದಿಂದ ಬಂದ ದಪ್ಪ ಮೀಸೆಯ ಒಬ್ಬ ಅಂಗಡಿಕಾರ ಭಜಿ ಜಗಿಯುತ್ತ, "ಗುಂಡ ಹೊಡಿಯೂದು ಇಲ್ಲೇನ್ರಿ?" ಎಂದ.

"ಇಲ್ರಿ. ಇದು ನೀರ ತರೂದು" ಎಂದ ಮುರಿಗೆಪ್ಪ.

"ಅಲ್ಲಪಾ, ಮನ್ಯಾಗ ಹುಡುಗರಿಗೆ ನೀರ ತಾ ಅಂದ್ರ ಕೈಕಾಲ ಬಡಕೊಂಡು ಅಳ್ತಾವ. ರೊಕ್ಕಾ ಕೊಟ್ಟು ಟಿವಿಯೊಳಗೂ ನೀರ ಹೊರ್ತಾವೇನು?"

ಇಡೀ ಕೋಣೆ ನಕ್ಕಿತು. ಹಲಗೇರಿ ಸಾಹೇಬರೂ ನಕ್ಕರು. ಅವರು ನಕ್ಕ ಗಳಿಗೆಯಲ್ಲೇ ನನ್ನ ಕಥೆ ಮುಗಿಯಿತು. ಆಗಲೇ ಪೇಟೆಗೆ ಪರದೇಶದ ಅಗ್ಗದ ಪೆಟ್ಟಿಗೆಗಳು ಬಂದು ಬೀಳುತ್ತಿದ್ದವು, ಒಂದೊಂದರಲ್ಲಿ ನೂರಾರು ಆಟ, ಎಲ್ಲದರಲ್ಲೂ ಗುಂಡು. ವಾರ ಕಳೆಯುವುದರೊಳಗೆ ಸಾಹೇಬರು ಮುರಿಗೆಪ್ಪನನ್ನು ಕರೆದು, "ಮನಸಿಗಿ ಹಚ್ಚಿಕೋಬ್ಯಾಡ. ಬಗರಿ ಬಿಟ್ಟಬಿಡೂಣು. ಸ್ಟೆಬಿಲೈಸರ್ ನೋಡು" ಎಂದರು.

ಜೋಡಿಸಿ ಸಾಲಾಗಿ ಇಟ್ಟಿದ್ದ ನನ್ನ ಒಡಹುಟ್ಟುಗಳನ್ನು ಬಿಚ್ಚಿದರು. ಒಳಗಿನ ತಾಮ್ರದ ಸುರುಳಿ ಸ್ಟೆಬಿಲೈಸರಿಗೆ ಹೋಯಿತು. ಮೈಯ ಪ್ಲಾಸ್ಟಿಕ್ಕು ಗುಜರಿಗೆ ಹೋಯಿತು. ಬ್ಯಾನರಿನ ಬಟ್ಟೆಯನ್ನು ಹೆಣ್ಣುಮಕ್ಕಳು ಹರಿದು ಮೇಜು ಒರೆಸುವ ಅರಿವೆ ಮಾಡಿಕೊಂಡರು. ಬ ಒಬ್ಬಳ ಕೈಯಲ್ಲಿ, ಗ ಇನ್ನೊಬ್ಬಳ ಕೈಯಲ್ಲಿ. ಬಿಚ್ಚುವ ಕೆಲಸ ಖಾಜಾಬಿಯ ಪಾಲಿಗೂ ಬಂತು. ಬೆಸೆಯುವಾಗ ಅಷ್ಟು ಮಾತಾಡಿದವಳು ಅಂದು ಬಾಯಿ ಬಿಡಲಿಲ್ಲ. ನನ್ನ ಸರದಿ ಬಂದಾಗ ಎತ್ತಿ ಬೀರುವಿನ ಹಿಂದೆ ಸರಿಸಿ, ಸಂಜೆ ಮುರಿಗೆಪ್ಪನ ಚೀಲದೊಳಗೆ ಇಟ್ಟಳು. ಹೀಗೆ ನಾನೊಬ್ಬನೇ ಉಳಿದೆ. ಮುಂದೆ ಕೆಲವು ವರ್ಷಕ್ಕೆ ಶೆಡ್ಡೂ ಮುಚ್ಚಿತು. ಆಟದ ಇನ್ನೊಂದು ಪ್ರತಿ ಅಲ್ಲಿನ ಕಂಪ್ಯೂಟರಿನಲ್ಲಿತ್ತು. ಅದನ್ನು ಕುರ್ಚಿ, ಪಂಖಾಗಳ ಜೊತೆ ತೂಕಕ್ಕೆ ಹಾಕಿದರಂತೆ.

ಬೇರೆ ಯಾರಾದರೂ ನನ್ನನ್ನು ತಯಾರಿಸಿ ಮಾರಿಯಾರು ಎಂದು ಮುರಿಗೆಪ್ಪ ನನ್ನನ್ನು ಟವೆಲಿನಲ್ಲಿ ಸುತ್ತಿ ಪುಣೆಗೆ ಒಯ್ದ. ಅಲ್ಲೊಂದು ಕಂಪನಿಯ ಹೊರಕೋಣೆಯಲ್ಲಿ ಮಡಿಲಲ್ಲಿಟ್ಟುಕೊಂಡು ದಿನವೆಲ್ಲ ಕೂತ. ಸಂಜೆ ಒಬ್ಬ ಹೊರಗೆ ಬಂದು, ನಿಂತುಕೊಂಡೇ ಎರಡು ಮಾತು ಕೇಳಿ, ವಿಳಾಸ ಬಿಟ್ಟುಹೋಗಿ ಎಂದ. ವಿಳಾಸ ಬಿಟ್ಟು ಬಂದೆವು. ಅದಕ್ಕೆ ಉತ್ತರ ಬರಲಿಲ್ಲ.

ಮನೆಯಲ್ಲಿ ಕಸ್ತೂರೆವ್ವ ನನಗಿಟ್ಟ ಹೆಸರು ಸವತಿ. "ಇವತ್ತ ಸವತೀನ್ನ ಊರ ತೋರಿಸಾಕ ಒಯ್ದಿದ್ರೇನು?" "ಸವತಿಗೆ ಹಸಿವಾಗೈತೇನ ಕೇಳ್ರಿ, ರೊಟ್ಟಿ ಉಳದಾವ." ಮೊದಮೊದಲು ಅದರಲ್ಲಿ ನಗೆಯೂ ಇತ್ತು. ಆಮೇಲೆ ಬರೀ ಮಾತು ಉಳಿಯಿತು. ಅವರಿಗೆ ಮಕ್ಕಳಾಗಲಿಲ್ಲ.

ಒಂದು ಸಂಜೆ ಅವನು ನನ್ನನ್ನು ಮನೆಯ ಟಿವಿಗೆ ಜೋಡಿಸಿದ. ಅವಳು ಒಳಗೆ ಕಾಳು ಆರಿಸುತ್ತಿದ್ದಳು.

"ಕಸ್ತೂರಿ, ಒಂದ ಸಲ ಆಡ. ಕಡೀತನ ಆಡ."

"ಆಡಾಕ ನಾ ಏನ ಸಣ್ಣ ಕೂಸೇನ್ರಿ?"

"ನಾ ಕೇಳಾಕತ್ತೀನಲಾ."

ಅವನು ಏನನ್ನೂ ಕೇಳಿದವನಲ್ಲ. ಆ ಧ್ವನಿಗೆ ಅವಳು ತಲೆಯೆತ್ತಿದಳು. ಮೊರ ಪಕ್ಕಕ್ಕಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ನನ್ನ ಮೈಯೊಳಗೆ ಕರೆಂಟು ಓಡುತ್ತಿತ್ತು. ಅವನು ಹಿಡಿಕೆಯನ್ನು ಅವಳ ಕಡೆ ಚಾಚಿದ. ಅವಳ ಬೆರಳು ಇನ್ನೇನು ತಾಗಬೇಕು, ಓಣಿಯಲ್ಲಿ ಕೂಗೆದ್ದಿತು, "ನಳಾ ಬಂತೂ!"

ಅವಳು ಎದ್ದು ಎರಡು ಕೊಡ ಎತ್ತಿಕೊಂಡು ಓಡಿದಳು. ಓಡದೆ ಏನು ಮಾಡಿಯಾಳು, ವಾರದಿಂದ ನೀರಿರಲಿಲ್ಲ. ಅವನು ಹಿಡಿಕೆ ಚಾಚಿದ ಹಾಗೆಯೇ ಕೂತಿದ್ದ. ಪರದೆಯಲ್ಲಿ ಹುಡುಗಿ ನಳದ ಹತ್ತಿರ ಕಾಯುತ್ತ ನಿಂತಿದ್ದಳು. ಹೊರಗೆ ಅವನ ಹೆಂಡತಿಯೂ ನಳದ ಹತ್ತಿರ ಕಾಯುತ್ತ ನಿಂತಿದ್ದಳು. ಮೊದಲ ಕೊಡ ಹಂಡೆಗೆ ಸುರಿದ ಸದ್ದು ಕೇಳಿದ ಮೇಲೆ ಅವನು ಗುಂಡಿ ಆರಿಸಿದ. ಮತ್ತೆ ಯಾವತ್ತೂ ಅವಳನ್ನು ಆಡು ಎನ್ನಲಿಲ್ಲ. ಅವಳೂ ಏನಿತ್ತು ಎಂದು ಕೇಳಲಿಲ್ಲ.

ಅವನಿಗೆ ದುರ್ಗದಬೈಲಿನ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಕಸ್ತೂರೆವ್ವ ಮನೆಯಲ್ಲೇ ಕರೆಂಟಿನ ಶಾವಿಗೆ ಯಂತ್ರ ಹಾಕಿಕೊಂಡಳು. ಓಣಿಯವರ ಶಾವಿಗೆ, ಸಂಡಿಗೆ, ಹಪ್ಪಳ ಎಲ್ಲ ಅವಳ ಮಾಳಿಗೆಯ ಮೇಲೆಯೇ ಒಣಗುತ್ತಿದ್ದವು. ನಾನು ಅಡುಗೆಮನೆಯ ಮೂಲೆ ಸೇರಿದೆ. ನನ್ನ ಮೇಲೆ ಹಿಟ್ಟಿನ ಡಬ್ಬಿ ಕೂತಿತು. ನೆಲದ ತಂಪು ತಾಗದೆ ಹಿಟ್ಟು ಕೆಡುವುದಿಲ್ಲ, ಅಷ್ಟರಮಟ್ಟಿಗೆ ನನ್ನಿಂದ ಉಪಕಾರವಾಯಿತು. ಮುರಿಗೆಪ್ಪ ನೀರು ಕುಡಿಯಲು ಬಂದಾಗ ಒಮ್ಮೊಮ್ಮೆ ಡಬ್ಬಿಯ ಕೆಳಗೆ ನೋಡುತ್ತಿದ್ದ. ಅವನ ತಲೆ ನರೆಯಿತು, ಕನ್ನಡಕ ದಪ್ಪವಾಯಿತು. ಅವರಿಬ್ಬರೂ ಜಗಳವಾಡುತ್ತಿರಲಿಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕು. ಒಂದು ಮಧ್ಯಾಹ್ನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವನನ್ನು ನಾಲ್ವರು ಹೊತ್ತು ತಂದರು. ನಾನು ಡಬ್ಬಿಯ ಕೆಳಗಿನಿಂದ ಅವನ ಅಂಗಾಲು ಮಾತ್ರ ನೋಡಿದೆ.

ಅವನನ್ನು ಮಣ್ಣು ಮಾಡಿದ ಮೇಲೆ ಕಸ್ತೂರೆವ್ವನನ್ನು ಮಾತಾಡಿಸಲು ಬಂದವರಲ್ಲಿ ಖಾಜಾಬಿಯೂ ಇದ್ದಳು. ಬೆಸುಗೆಯ ಹೊಗೆಗೆ ಕಣ್ಣು ಮಂಜಾಗಿತ್ತು, ಬಾಯಿ ಹಾಗೆಯೇ ಇತ್ತು. ನೀರು ಕುಡಿಯಲು ಅಡುಗೆಮನೆಗೆ ಬಂದವಳು ನನ್ನನ್ನು ಕಂಡು ನೆಲದ ಮೇಲೆಯೇ ಕೂತಳು.

"ಅಕ್ಕಾ, ಇದನ್ನ ಇನ್ನೂ ಇಟ್ಟೀರಿ?"

"ಹಿಟ್ಟಿನ ಡಬ್ಬಿಗಿ ಆಗತೈತಿ."

"ಆ ಬಾಗ್ಲಾ ನೋಡಿದ್ರೇನು?"

"ಯಾವ ಬಾಗ್ಲಾ?"

ಖಾಜಾಬಿ ಎಲ್ಲ ಹೇಳಿದಳು. ಆಟದ ಹುಡುಗಿ ಯಾರು, ನಡಿಗೆ ಯಾರದು, ಕೊನೆಯ ಬಾಗಿಲು ಯಾರಿಗೆಂದು ಇಟ್ಟದ್ದು. ಹೇಳುವಾಗ ಹಳೆಯ ನಗೆ ಬಂದು, ಸಾವಿನ ಮನೆ ಎಂದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಸ್ತೂರೆವ್ವ ಅಳಲಿಲ್ಲ. ಹಿಟ್ಟಿನ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟಳು. ನನ್ನ ಮೇಲೆ ಡಬ್ಬಿಯ ದುಂಡನೆಯ ಕಲೆ ಇತ್ತು. ಅದನ್ನು ಬೆರಳಿನಿಂದ ಸವರಿದಳು. ಆ ಮನೆಯಲ್ಲಿ ನಾನು ಅಷ್ಟು ವರ್ಷ ಇದ್ದೆ, ಅವಳ ಕೈ ನನ್ನನ್ನು ಸಿಟ್ಟಿಲ್ಲದೆ ಮುಟ್ಟಿದ್ದು ಅದೇ ಮೊದಲು.

"ನನಗ ಹೇಳಬಾರದಾಗಿತ್ತೇನು?" ಎಂದಳು. ನನ್ನನ್ನು ಕೇಳಿದಳೋ ಅವನನ್ನು ಕೇಳಿದಳೋ ಗೊತ್ತಾಗಲಿಲ್ಲ.

ಆಮೇಲೆ ಅವಳಿಗೆ ಒಂದೇ ಹಂಬಲ, ಆ ಬಾಗಿಲು ನೋಡಬೇಕು. ಆದರೆ ನನಗೆ ಕರೆಂಟು ಕೊಡುವ ಡಬ್ಬಿ ಯಾವಾಗಲೋ ಸುಟ್ಟಿತ್ತು. ಈಗಿನ ಚಪ್ಪಟೆ ಟಿವಿಗೆ ನನ್ನ ತಂತಿ ಹೊಂದುವುದಿಲ್ಲ. ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ ಕೈಚೆಲ್ಲಿಬಿಟ್ಟರು. ಕೊನೆಗೆ ಖಾಜಾಬಿಯ ಸೊಸೆ ಫೋನಿನಲ್ಲಿ ಹುಡುಕಿ ಒಬ್ಬಳನ್ನು ಪತ್ತೆ ಮಾಡಿದಳು. ಬೆಳಗಾವಿಯ ವೈಜಯಂತಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಮಾಡಿ ಮುಗಿಸಿಯೂ ಪೇಟೆಗೆ ಬಾರದೆ ಹೋದ ಆಟಗಳನ್ನು ಹುಡುಕಿ ಜೋಪಾನ ಮಾಡುವುದು ಅವಳ ಹುಚ್ಚು. ಫೋನಿನಲ್ಲಿ ನನ್ನ ವಿಷಯ ಕೇಳಿ ಅವಳ ಉಸಿರು ನಿಂತದ್ದು ನನಗೂ ಕೇಳಿಸಿತು. "ಅಮ್ಮಾ, ದಸರಾ ಮುಗಿಸಿ ನನ್ನ ಸಾಮಾನ ತಗೊಂಡ ಬರ್ತೀನ್ರಿ. ನೋಡೇ ನೋಡೋಣು. ಅಲ್ಲೀತನ ಅದಕ್ಕ ಏನೂ ಮಾಡಬ್ಯಾಡ್ರಿ, ಹೆಂಗೈತಿ ಹಂಗ ಇಡ್ರಿ" ಎಂದಳು.

ಫೋನಿಟ್ಟ ಮೇಲೆ ಕಸ್ತೂರೆವ್ವ ನನ್ನನ್ನು ನೋಡಿದಳು. ಮೈತುಂಬ ಹಿಟ್ಟು, ಎಣ್ಣೆಜಿಡ್ಡು, ಜೇಡನ ಬಲೆ.

"ಹೆಂಗೈತಿ ಹಂಗ ಅಂತ!" ಎಂದಳು ಖಾಜಾಬಿಗೆ. "ಹೆಣ್ಣ ನೋಡಾಕ ಬರೋರೂ ಹಂಗ ಅಂತಾರ. ಹಂಗಂತ ಹುಡುಗೀನ ತಲಿ ಬಾಚಲಾರದ ಕುಂದರಸ್ತಾರೇನು?"

ಆ ವರ್ಷ ಮಳೆ ಬಹಳ ದಿನ ಹಿಡಿದಿತ್ತು. ಗೋಡೆಗಳು ಬೆವರುತ್ತಿದ್ದವು. ಮಳೆ ಬಿಟ್ಟು ಬಿಸಿಲು ಬಿದ್ದ ಕೂಡಲೇ ನಮ್ಮ ಕಡೆ ಹೆಣ್ಣುಮಕ್ಕಳು ಮನೆಯಲ್ಲಿರುವುದನ್ನೆಲ್ಲ ಮಾಳಿಗೆಗೆ ಏರಿಸುತ್ತಾರೆ. ಹಾಸಿಗೆ, ಕೌದಿ, ಬೇಳೆ, ಮೆಣಸಿನಕಾಯಿ, ರೇಷ್ಮೆ ಸೀರೆ, ದೇವರ ಪಟ. ಬಿಸಿಲು ಉಂಡದ್ದು ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಯ ಮೇಲೆಯೇ ಕಸ್ತೂರೆವ್ವನ ಕಸುಬು ನಡೆದಿತ್ತು. ಶಾವಿಗೆ ಯಂತ್ರ ಬಿಚ್ಚಿ ಗೊತ್ತಿದ್ದ ಕೈ, ನನ್ನ ತಿರುಪು ಬಿಚ್ಚಲು ತಡವಾಗಲಿಲ್ಲ. ಮುಚ್ಚಳ ತೆಗೆದು, ಮೆತ್ತನೆ ಅರಿವೆಯಿಂದ ಒಳಗೆಲ್ಲ ಒರೆಸಿದಳು. ನಡುವೆ, ಆಟವನ್ನು ಬರೆದಿಟ್ಟಿದ್ದ ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಒಂದು ಕಾಗದದ ಚೀಟಿ ಅಂಟಿತ್ತು. ಹಳದಿಯಾಗಿ, ಬೂಸರು ಹಿಡಿದು ಅಸಹ್ಯವಾಗಿತ್ತು. ಉಗುರಿನಿಂದ ಎಬ್ಬಿಸಿ ಕಿತ್ತಳು. ಅದರ ಕೆಳಗೆ ಸಣ್ಣ ದುಂಡು ಗಾಜಿನ ಕಿಂಡಿ. ಒಳಗೆ ನವಿಲುಗರಿಯ ಬಣ್ಣ ಮಿಂಚಿತು.

"ಖಾಜಾಬೀ, ನೋಡ ಬಾ. ಎಷ್ಟ ಚಂದ ಐತಿ! ಇದರ ಮ್ಯಾಲ ಆ ಹೊಲಸ ಚೀಟಿ ಯಾರು ಅಂಟಿಸಿದ್ರು?"

ಖಾಜಾಬಿಗೂ ತಿಳಿಯಲಿಲ್ಲ; ಅವಳು ಚಿಪ್ಪು ಬೆಸೆಯಲು ಬಲ್ಲವಳು, ಅದರೊಳಗೆ ಆಟ ಬರೆಯಲು ಬಲ್ಲವಳಲ್ಲ. ಆ ಚೀಟಿ ಅಂಟಿಸಿದ್ದು ಮುರಿಗೆಪ್ಪ. ಆ ಕಾಲದ ಇಂಥ ಚಿಪ್ಪಿನಲ್ಲಿ ಬರೆದದ್ದನ್ನು ಅಳಿಸಿ ತಿದ್ದಲು ಗಾಜಿನ ಕಿಂಡಿ ಇಡುತ್ತಿದ್ದರು. ಅಳಿಸಬೇಕಾದಾಗ ಆ ಕಿಂಡಿಯೊಳಕ್ಕೆ ಒಂದು ಬಗೆಯ ಬೆಳಕು ಬಿಡುವುದು. ಆ ಬೆಳಕಿನ ಎಳೆ ಬಿಸಿಲಿನಲ್ಲೂ ಇದೆ. ಅದಕ್ಕೇ ಚೀಟಿ. ಅಂಗಡಿಗೆ ಹೋಗುವ ಪೆಟ್ಟಿಗೆಗಳಿಗೆ ಕಿಂಡಿಯಿಲ್ಲದ ಚಿಪ್ಪು ಹಾಕುವುದಿತ್ತು. ಅಂಗಡಿಗೆ ಹೋಗಿದ್ದರೆ ನನಗೆ ಬಿಸಿಲಿನ ಭಯವೇ ಇರುತ್ತಿರಲಿಲ್ಲ.

ಹಬ್ಬದವರೆಗೂ ದಿನಾ ಬೆಳಿಗ್ಗೆ ಅವಳು ನನ್ನನ್ನು ಮಾಳಿಗೆಗೆ ಒಯ್ದಳು. ಮುಚ್ಚಳ ತೆಗೆದು, ಶಾವಿಗೆಯ ಪಕ್ಕ, ಕಾಗೆ ಮುಟ್ಟದ ಹಾಗೆ ಜಾಳಿಗೆ ಮುಚ್ಚಿ ಇಟ್ಟಳು. ನೆರಳು ಸರಿದಂತೆಲ್ಲ ಬಂದು ನನ್ನನ್ನೂ ಸರಿಸಿದಳು. ಬಿಸಿಲು ಹಿತವಾಗಿತ್ತು. ಅದನ್ನು ಹೇಳದಿದ್ದರೆ ಸುಳ್ಳಾದೀತು. ವರ್ಷಗಟ್ಟಲೆ ಕತ್ತಲೆಯಲ್ಲಿದ್ದ ಮೈಗೆ ಎಣ್ಣೆ ಹಚ್ಚಿ ಎರೆದ ಹಾಗಿತ್ತು. ನನ್ನೊಳಗಿನಿಂದ ಏನೋ ಒಂದು ಸದ್ದಿಲ್ಲದೆ ಎದ್ದು ಹೋಗುತ್ತಿದೆ ಎಂದು ತಿಳಿಯುತ್ತಿತ್ತು. ಓಣಿ ಹೋಯಿತು. ಎಮ್ಮೆಯ ಕೊಂಬು ಹೇಗಿತ್ತೋ, ಮರೆತುಹೋಯಿತು. ಹುಡುಗಿ ಮೆಟ್ಟಿಲ ಮುಂದೆ ನಿಲ್ಲುತ್ತಿದ್ದಳು ಎಂದು ಖಾಜಾಬಿ ಹೇಳಿದ್ದು ನೆನಪಿದೆ. ಹೇಗೆ ನಿಲ್ಲುತ್ತಿದ್ದಳು ಎಂಬುದು ಹೋಯಿತು. ಬಾಗಿಲು ಯಾವ ದಿನ ಹೋಯಿತೋ ನಾನರಿಯೆ. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ. ಟಿವಿಯೇ ನನ್ನ ಬಾಯಿ, ಅದು ಎಲ್ಲಿತ್ತು? ಕಸ್ತೂರೆವ್ವ ಪ್ರತಿ ಸಂಜೆ ನನ್ನನ್ನು ಕೆಳಗಿಳಿಸುವಾಗ ಬೆಚ್ಚಗಿದ್ದ ಮೈ ಸವರಿ, "ಇವತ್ತ ಚಲೋ ಕಾದೈತಿ" ಅನ್ನುತ್ತಿದ್ದಳು. ಆಯುಧ ಪೂಜೆಯ ದಿನ ಶಾವಿಗೆ ಯಂತ್ರದ ಪಕ್ಕದಲ್ಲಿ ಕೂರಿಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದಳು.

ವೈಜಯಂತಿ ಹೇಳಿದ ಹಾಗೆಯೇ ಬಂದಳು, ಹಳೇ ಡಬ್ಬಾ ಟಿವಿಯನ್ನು ಕಾರಿನಲ್ಲಿ ಹೇರಿಕೊಂಡು. ಕಸ್ತೂರೆವ್ವ ಶಾವಿಗೆ ಪಾಯಸ ಮಾಡಿದ್ದಳು. ಇಳಕಲ್ಲ ಸೀರೆ ಉಟ್ಟಿದ್ದಳು. ಖಾಜಾಬಿಯೂ ಬಂದಿದ್ದಳು. "ನೀವ ಆಡ್ರಿ ಅಕ್ಕಾ, ಎಮ್ಮಿ ಬಂದ್ರ ನಾ ಹೇಳ್ತೀನಿ" ಎನ್ನುತ್ತಿದ್ದಳು. ತಂತಿ ಜೋಡಿಸಿ ಗುಂಡಿ ಒತ್ತಿದರು. ಪರದೆ ಬೂದಿಯ ಬಣ್ಣಕ್ಕೆ ತಿರುಗಿ ಹಾಗೆಯೇ ನಿಂತಿತು. ವೈಜಯಂತಿ ಆರಿಸಿ ಹಾಕಿದಳು, ತಂತಿ ಬದಲಿಸಿದಳು. ಕೊನೆಗೆ ಮುಚ್ಚಳ ತೆಗೆದು ನೋಡಿದವಳ ಕೈ ನಿಂತಿತು.

"ಅಮ್ಮಾ, ಇದರ ಮ್ಯಾಲೊಂದು ಚೀಟಿ ಇತ್ತೇನ್ರಿ?"

"ಇತ್ತು. ಬೂಸರ ಹಿಡಿದಿತ್ತು. ನಾನ ತೆಗದು, ಚಲೋತಂಗ ಬಿಸಲಾಗ ಕಾಸಿಟ್ಟೀನಿ" ಎಂದಳು ಕಸ್ತೂರೆವ್ವ. ಆ ದನಿಯಲ್ಲಿ ಹೆಮ್ಮೆಯಿತ್ತು.

ವೈಜಯಂತಿ ತಲೆ ತಗ್ಗಿಸಿ ಮುಚ್ಚಳ ಹಾಕತೊಡಗಿದಳು. "ಬಾಳ ಹಳೇದಲ್ರೀ ಅಮ್ಮಾ. ತಾನ ಹೋಗಿಬಿಟ್ಟೈತಿ."

"ಮಗಳ, ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಹೇಳು."

ಹೇಳಿದಳು. ಮೆಲ್ಲಗೆ, ಪೂರ್ತಿ ಹೇಳಿದಳು. ಕಸ್ತೂರೆವ್ವ ಕೇಳುತ್ತ ಕೇಳುತ್ತ ಕಿಟಕಿಯ ಹೊರಗೆ ನೋಡಿದಳು.

"ಬಿಸಲಿಗೇನು?" ಎಂದಳು.

"ಹೌದ್ರಿ."

"ಬಿಸಲಿಗೆ!"

ಪಾಯಸ ಬಟ್ಟಲಿನಲ್ಲಿ ಆರಿ ಕೆನೆಗಟ್ಟಿತು. ಮರುದಿನ ಮಾಳಿಗೆಯ ಮೇಲೆ ಓಣಿಯವರ ಸಂಡಿಗೆ ಇಡಲು ಅವಳು ಹತ್ತಲಿಲ್ಲವಂತೆ. ಅದರ ಮರುದಿನವೂ ಹತ್ತಲಿಲ್ಲ. ಯಂತ್ರ ಮಾರಿಬಿಟ್ಟಳು ಎಂದು ಖಾಜಾಬಿ ಫೋನಿನಲ್ಲಿ ಹೇಳುವಾಗ ನಾನು ಆಗಲೇ ಬೆಳಗಾವಿಯಲ್ಲಿದ್ದೆ. ಕಸ್ತೂರೆವ್ವನೇ ವೈಜಯಂತಿಯ ಕೈಗೆ ನನ್ನನ್ನು ಇಟ್ಟು, "ಒಯ್ಯವ್ವಾ. ನನ್ನ ಕಣ್ಣಮುಂದ ಬ್ಯಾಡ" ಎಂದಿದ್ದಳು.

ಇಲ್ಲಿ ಗಾಜಿನ ಕಪಾಟಿನಲ್ಲಿ ನನ್ನಂಥವು ಹಲವು. ಯಾವುದೂ ಪೇಟೆ ಕಂಡಿಲ್ಲ. ಆದರೆ ಅವುಗಳೊಳಗೆ ಏನೋ ಇದೆ, ಗುಂಡಿ ಒತ್ತಿದರೆ ಒಂದಿಷ್ಟು ಕುಣಿಯುತ್ತವೆ. ನೋಡಲು ಬಂದವರಿಗೆ ವೈಜಯಂತಿ ನನ್ನನ್ನು ತೋರಿಸುವಾಗ ದನಿ ತಗ್ಗಿಸುತ್ತಾಳೆ. ಅವಳ ಗೆಳೆಯರು ಒಂದು ಉಪಾಯ ತೆಗೆದರು. ಖಾಲಿ ಚಿಪ್ಪಿನ ಮೇಲೆ ಮತ್ತೆ ಬರೆಯಬಹುದು. ಖಾಜಾಬಿ ನೆನಪಿನಿಂದ ಹೇಳಿದ ಹಾಗೆ ಓಣಿ, ನಾಯಿ, ಮುದುಕಿ ಎಲ್ಲ ಮಾಡೋಣ, ಆಟವನ್ನು ಎಬ್ಬಿಸೋಣ ಎಂದರು. ಒಪ್ಪಿಗೆ ಕೇಳಲು ಕರೆದಾಗ ಕಸ್ತೂರೆವ್ವ ಖಾಜಾಬಿಯ ಕೈ ಹಿಡಿದು ಬಸ್ಸಿನಲ್ಲಿ ಬಂದಳು. ಬಹಳ ಸೊರಗಿದ್ದಳು. ಅವರು ಹೇಳಿದ್ದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದಳು.

"ಬಾಗ್ಲದೊಳಗ ಏನ ಇಡ್ತೀರಿ?"

"ನೀವು ಹೇಳಿದ್ದ ಇಡ್ತೀವ್ರಿ ಅಮ್ಮಾ."

ಅವಳು ಯೋಚಿಸಿದಳು. "ನಾ ಹೇಳಿದ್ದ ಇಟ್ರ ಅದು ನಂದಾಗತೈತಿ. ಅವರು ನನಗೇನ ಇಟ್ಟಿದ್ರು ಅದು ಆಗೂದಿಲ್ಲ. ಬ್ಯಾಡ ಬಿಡ್ರಿ."

ಹೊರಡಲು ಎದ್ದವಳು ಕಪಾಟಿನ ಮುಂದೆ ನಿಂತು, "ಇದನ್ನ ಹಚ್ಚು" ಎಂದಳು.

"ಏನೂ ಬರೂದಿಲ್ರಿ ಅಮ್ಮಾ."

"ಗೊತ್ತೈತಿ. ಹಚ್ಚು."

ವೈಜಯಂತಿ ನನ್ನನ್ನು ಹಳೇ ಟಿವಿಗೆ ಜೋಡಿಸಿದಳು. ಬೂದಿಯ ಬಣ್ಣ ಬಂದು ನಿಂತಿತು. ಕಸ್ತೂರೆವ್ವ ನೆಲದ ಮೇಲೆ ಕೂತು ಹಿಡಿಕೆ ಎತ್ತಿಕೊಂಡಳು. ಹೆಬ್ಬೆರಳು ಗುಂಡಿಯ ಮೇಲಿಟ್ಟು, ಒತ್ತಿ, ಬಿಟ್ಟು, ಒತ್ತಿ, ಕೂತಲ್ಲಿಂದಲೇ ತುಂಬಿದ ಕೊಡ ಹೊತ್ತವರ ನಡಿಗೆಯಲ್ಲಿ ಹೊರಟಳು. ಎಡ ಭುಜ ಒಂದಿಷ್ಟು ಕೆಳಗೆ ಬಾಗಿತ್ತು.

ಖಾಜಾಬಿ ಅವಳ ಹಿಂದೆ ಕೂತಳು. ಮಂಜುಗಣ್ಣು ಮುಚ್ಚಿ ಹೇಳತೊಡಗಿದಳು. "ಈಗ ನಳದಿಂದ ಬಿಟ್ರಿ... ಸೈಕಲ್ ಬಂತು, ನಿಲ್ರಿ... ಹೂಂ, ಹೋತು, ನಡೀರಿ... ಮುದುಕಿ ಬಾಗ್ಲಾಗ ಕುಂತಾಳ, ಆಕಿ ಕಡಿ ನೋಡಬ್ಯಾಡ್ರಿ, ಬೈತಾಳ... ನಾಯಿ... ಹಾರ್ರಿ ಅಕ್ಕಾ!... ಚೆಲ್ಲಲಿಲ್ಲ, ಚಲೋ ಆತು... ಈಗ ಎಮ್ಮಿ."

ಹೆಬ್ಬೆರಳು ನಿಂತಿತು.

"ಎಮ್ಮಿ ದಾಟೂದು ಹೆಂಗ?" ಎಂದಳು ಕಸ್ತೂರೆವ್ವ.

"ನಂಗ ಗೊತ್ತಿಲ್ಲಕ್ಕಾ. ನಾ ಒಮ್ಮೆನೂ ದಾಟಿಲ್ಲ."

ಕಸ್ತೂರೆವ್ವ ಹಿಡಿಕೆ ಕೆಳಗಿಡಲಿಲ್ಲ. ಬೂದಿಯ ಬಣ್ಣ ಅವಳ ಮುಖದ ಮೇಲೆ ಬಿದ್ದಿತ್ತು. ನಾನು ಕೆಳಗಿನಿಂದ ನೋಡುತ್ತಿದ್ದೆ. ಅವಳು ಕೇಳಿದ್ದು ಒಂದು ಕಾಲಕ್ಕೆ ನನಗೆ ಗೊತ್ತಿದ್ದುದೇ. ಬಸ್ಸಿಗೆ ಹೊತ್ತಾಯಿತು ಎಂದು ಖಾಜಾಬಿ ಭುಜ ಮುಟ್ಟುವವರೆಗೂ ಅವಳು ಅಲ್ಲಿಯೇ, ಆ ಎಮ್ಮೆಯ ಮುಂದೆ, ಕೊಡ ಹೊತ್ತು ನಿಂತಿದ್ದಳು.